ಗೂಡ್ಸ್ ರೈಲಿಗೆ ಬೇರೆ ಹಳಿ ಯಾಕೆ? ಅದಕ್ಕೆ ದುಡ್ಡು ಎಲ್ಲಿಂದ ಬಂತು?

ಒಂದೇ ಹಳಿಯಲ್ಲಿ ಪ್ರಯಾಣಿಕರ ರೈಲೂ ಗೂಡ್ಸ್ ರೈಲೂ ಓಡಿದರೆ, ಪಕ್ಕಕ್ಕೆ ನಿಂತು ಕಾಯಬೇಕಾದ್ದು ಸಾಮಾನ್ಯವಾಗಿ ಗೂಡ್ಸೇ. ಆದರೆ ರೈಲ್ವೆಗೆ ಜಾಸ್ತಿ ಆದಾಯ ಬರುವುದು ಸರಕಿನಿಂದ! ಕಾದು ಸಾಕಾದವರು ಮಾಲನ್ನು ಲಾರಿಗೆ ಹಾಕುತ್ತಾರೆ, ಅಲ್ವಾ?

ಅದಕ್ಕೇ ಸರಕಿಗೆಂದೇ ಎರಡು ಮಾರ್ಗಗಳ ಯೋಜನೆ ಬಂತು. 2006ರಲ್ಲಿ ಇದಕ್ಕಾಗಿ ರೈಲ್ವೆ ಸಚಿವಾಲಯದ ಅಡಿಯಲ್ಲಿ ಪ್ರತ್ಯೇಕ ಕಂಪನಿ ಶುರುವಾಯಿತು. ಪೂರ್ವದ ಮಾರ್ಗ ಲುಧಿಯಾನಾ ಕಡೆಯಿಂದ ಬಿಹಾರದ ಸೋನ್‌ನಗರಕ್ಕೆ, ಸುಮಾರು 1,337 ಕಿ.ಮೀ. ಇಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು. ಪಶ್ಚಿಮದ್ದು ದೆಹಲಿ ಪಕ್ಕದ ದಾದ್ರಿಯಿಂದ ಮುಂಬೈ ಬಳಿಯ ನವಾ ಶೇವಾ ಬಂದರಿಗೆ, ಸುಮಾರು 1,506 ಕಿ.ಮೀ. ಇದರಲ್ಲಿ ವಿದ್ಯುತ್ ತಂತಿಯನ್ನೇ ಎತ್ತರಕ್ಕೆ ಕಟ್ಟಿದ್ದಾರೆ. ಹಾಗಾಗಿ ಒಂದರ ಮೇಲೊಂದು ಕಂಟೇನರ್ ಇಟ್ಟ ರೈಲನ್ನೂ ಎಲೆಕ್ಟ್ರಿಕ್ ಎಂಜಿನ್ ಎಳೆಯುತ್ತದೆ. ನನಗೆ ತುಂಬಾ ಮೆಚ್ಚುಗೆಯಾದದ್ದು ಇದೇ.

ದುಡ್ಡಿನ ವಿಷಯ: ಪಶ್ಚಿಮಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿತು, ಪೂರ್ವದ ದೊಡ್ಡ ಭಾಗಕ್ಕೆ ವಿಶ್ವಬ್ಯಾಂಕ್. ಉಳಿದದ್ದು ಸರ್ಕಾರದ್ದೇ ಹಣ. ಇಂಥ ಕೆಲಸಕ್ಕೆ ದೀರ್ಘಾವಧಿ ಸಾಲವೇ ಸರಿ. ಯಾಕೆಂದರೆ ಹಳಿ ಹಾಕಲು ವರ್ಷಗಟ್ಟಲೆ ಬೇಕು, ಜಮೀನು ಸಿಗುವುದಂತೂ ಇನ್ನೂ ತಡ. ಆದಾಯ ಶುರುವಾಗುವುದು ಅದೆಲ್ಲ ಮುಗಿದ ಮೇಲೆ.