ಒಬ್ಬನೇ ಬಂಡೆ ಹತ್ತಿ ಬಂದೆ, ಭಯ ಈಗ ಶುರುವಾಗಿದೆ

ಪ್ರಶ್ನೆ: ಕೆಲವು ತಿಂಗಳ ಹಿಂದೆ ಬೆಟ್ಟದಲ್ಲಿ ಒಂದು ಕಡಿದಾದ ಬಂಡೆಯನ್ನು ಹಗ್ಗವಿಲ್ಲದೆ ಒಬ್ಬನೇ ಹತ್ತಿದೆ. ಮುಂಚೆ ಗೆಳೆಯರ ಜೊತೆ ಹಗ್ಗ ಕಟ್ಟಿಕೊಂಡು ಹತ್ತಿದ್ದ ದಾರಿಯೇ. ಅರ್ಧದಲ್ಲಿ, ಕೈಗೆ ಸಿಕ್ಕ ಒಂದು ಕಲ್ಲಿನ ಚಕ್ಕೆ ಟೊಳ್ಳು ಸದ್ದು ಮಾಡಿತು. ಆದರೂ ಮುಂದೆ ಹೋದೆ. ಆಗ ಒಂಚೂರೂ ಭಯ ಆಗಲಿಲ್ಲ. ಈಗ ನೆನೆದರೆ ಅಂಗೈ ಬೆವರುತ್ತೆ, ಕನಸಲ್ಲೂ ಅದೇ ಜಾಗ. ನಾನು ಮಾಡಿದ್ದು ಧೈರ್ಯವೋ ಹುಚ್ಚಾಟವೋ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ: ಬೀಳಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದು ಧೈರ್ಯ ಅಂತ ನಾನಂತೂ ಹೇಳಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಚಕ್ಕೆ. ಟೊಳ್ಳು, ಕಿತ್ತು ಬರಬಹುದು ಅಂತ ಗೊತ್ತಾದ ಮೇಲೂ ಮೇಲಕ್ಕೇ ಯಾಕೆ ಹೋದಿರಿ? ಇಳಿಯೋದು ಇನ್ನೂ ಕಷ್ಟ ಅಂತ ನಿಮ್ಮ ಕಾಲಿಗೆ ಆಗಲೇ ಗೊತ್ತಾಗಿತ್ತು ಅಂತ ನನ್ನ ಊಹೆ. ಹತ್ತುವಾಗ ಮುಂದಿನ ಹಿಡಿ ಕಣ್ಣೆದುರೇ ಇರುತ್ತೆ. ಇಳಿಯುವಾಗ ಕಾಲಿಡೋ ಜಾಗ ನಿಮ್ಮ ಮೈಯ ಮರೆಗೇ ಹೋಗಿರುತ್ತೆ, ಕಾಲ ತುದಿಯಲ್ಲಿ ತಡಕಬೇಕು, ಅಷ್ಟು ಹೊತ್ತೂ ಭಾರವೆಲ್ಲ ಕೈ ಮೇಲೆ, ಮುಂಗೈ ಬಿಗಿದು ಕಲ್ಲಾಗುತ್ತಾ ಬರುತ್ತೆ. ಹಗ್ಗವಿಲ್ಲದೆ ಹತ್ತುವವರಿಗೆ ಇಂಥ ಯಾವುದೋ ಒಂದು ಹೆಜ್ಜೆಯಲ್ಲಿ ವಾಪಸ್ ದಾರಿ ಮುಚ್ಚಿಹೋಗುತ್ತೆ. ಕನಸಲ್ಲಿ ಬರ್ತಿರೋದು ಅದೇ ಅಲ್ವಾ?

ಆಗ ಭಯ ಆಗಲಿಲ್ಲ ಅಂದ್ರೆ, ಪುರುಸೊತ್ತಿರಲಿಲ್ಲ ಅಷ್ಟೇ.

ಅಲೆಕ್ಸ್ ಹಾನಾಲ್ಡ್ 2017ರ ಜೂನ್ 3ರಂದು ಅಮೆರಿಕದ ಎಲ್ ಕ್ಯಾಪಿಟನ್‌ನ ಸುಮಾರು 900 ಮೀಟರ್ ಬಂಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಹತ್ತಿದ್ದು ಎಲ್ಲರಿಗೂ ಗೊತ್ತು. 2016ರಲ್ಲೂ ಅದೇ ದಾರಿ ಶುರು ಮಾಡಿ, ಸರಿ ಅನ್ನಿಸದೆ ಕೆಳಭಾಗದಲ್ಲೇ ಬಿಟ್ಟು ಬಂದಿದ್ದರು. ಅದು ಯಾರ ಬಾಯಲ್ಲೂ ಅಷ್ಟಾಗಿ ಬರಲ್ಲ. ನನಗೆ ಆ ವಾಪಸಾತಿ ಜಾಸ್ತಿ ಇಷ್ಟ.

ಇನ್ನು ಒಂಟಿ ಅಂದ ಮಾತ್ರಕ್ಕೆ ಬರಿಗೈ ಅಂತೇನಿಲ್ಲ. 1955ರಲ್ಲಿ ವಾಲ್ಟರ್ ಬೊನಾಟ್ಟಿ ಆಲ್ಪ್ಸ್‌ನ ಪೆಟಿ ಡ್ರು ಶಿಖರದ ನೈಋತ್ಯ ಭಾಗವನ್ನು ಆರು ದಿನ ತಗೊಂಡು ಒಬ್ಬರೇ ಹತ್ತಿದರು, ಹಗ್ಗ ಸಮೇತ. ಮೇಲೂ ಹೋಗೋಕಾಗದ, ಕೆಳಗೂ ಇಳಿಯೋಕಾಗದ ಒಂದು ಕಡೆ ಸಿಕ್ಕಿಹಾಕಿಕೊಂಡಾಗ ಹಗ್ಗಕ್ಕೆ ಗಂಟುಗಳನ್ನು ಹಾಕಿ, ಬಂಡೆಯ ಸಂದಿಯಲ್ಲಿ ಸಿಕ್ಕಿಕೊಳ್ಳೋವರೆಗೂ ಎಸೆದು, ಅದಕ್ಕೇ ಜೋತುಬಿದ್ದು ಆಚೆ ದಾಟಿದರು. ಓದಿದರೇ ಎದೆ ಝಲ್ಲೆನ್ನುತ್ತೆ, ಆದರೆ ಹಗ್ಗ ಇಲ್ಲದಿದ್ದರೆ ಆ ಉಪಾಯವೂ ಇರ್ತಿರಲಿಲ್ಲ.

ಒಬ್ಬರೇ ಹೋಗಲೇಬೇಕು ಅನ್ನಿಸಿದರೆ ಹಗ್ಗದ ಸೋಲೋ, ಅಂದ್ರೆ ಹಗ್ಗ ಕಟ್ಟಿಕೊಂಡು ಒಬ್ಬರೇ ಹತ್ತೋದನ್ನ ಕಲೀರಿ, ಅದೂ ಬಲ್ಲವರ ಎದುರು ನಿಂತು. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಒಂದು ಹಗ್ಗದಷ್ಟು ಹತ್ತಬೇಕು, ಇಳಿಯಬೇಕು, ಹಗ್ಗದ ಆಸರೆಗೆ ಬಂಡೆಯಲ್ಲಿ ಸಿಕ್ಕಿಸಿದ ಸಾಮಾನು ಬಿಡಿಸಿಕೊಳ್ಳುತ್ತಾ ಮತ್ತೆ ಹತ್ತಬೇಕು. ಹಿಡಿಯೋ ಮುಂಚೆ ಚಕ್ಕೆಯನ್ನು ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳಾಗಿದ್ದರೆ ಬಿಡಿ, ಬಿಡೋಕೆ ಆಗದಿದ್ದರೆ ಕೆಳಮುಖವಾಗಿ ಒತ್ತಿ, ನಿಮ್ಮ ಕಡೆಗಂತೂ ಎಳೀಬೇಡಿ.

ಮನೆಯಲ್ಲಿ ಹೇಳಿ. ಬೈಸಿಕೊಳ್ತೀರಿ, ಬೈಸಿಕೊಳ್ಳಿ. ಮುಂದಿನ ಸಲ ಮಾತ್ರ ಹೊರಡೋಕೆ ಮುಂಚೆಯೇ ಯಾವ ಬಂಡೆ, ಎಷ್ಟು ಹೊತ್ತಿಗೆ ವಾಪಸ್, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದಿಟ್ಟು ಹೋಗಿ.