ಮೆಟ್ಟಿಲು ಹತ್ತಲಾರದವರಿಗೆ ಲಿಂಕ್ ಸಾಕೇ?

ಮುಂಬೈ ಬಳಿಯ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಈ ಸಲ ಮಾಟುಂಗದ ಒಂದು ಹಾಲ್‌ನಲ್ಲಿ. ನಮ್ಮತ್ತೆ ಗಾಲಿಕುರ್ಚಿಯಲ್ಲಿದ್ದಾರೆ, ಕಿವಿಯೂ ಸ್ವಲ್ಪ ಮಂದ. ಹೋದ ವರ್ಷ ಸಂಘದವರು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಲೈವ್ ಮಾಡಿದ್ದರು. ಮನೆಯಲ್ಲಿ ನೋಡುತ್ತಿದ್ದ ಅತ್ತೆಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಈ ಸಲ ಸರಿಯಾಗಿ ಮಾಡೋಣ ಎಂದರೆ ಸಮಿತಿಯ ಹಿರಿಯರು, 'ಲೈವ್ ಚೆನ್ನಾಗಿದ್ದರೆ ಹಾಲ್ ಖಾಲಿಯಾಗುತ್ತೆ' ಅನ್ನುತ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ಮೊದಲು ಒಂದು ಮಾತು ಕೇಳುತ್ತೇನೆ. ಹಾಲ್‌ಗೆ ಬರುತ್ತೀರಾ, ಮನೆಯಲ್ಲೇ ನೋಡುತ್ತೀರಾ ಅಂತ ಅತ್ತೆಯವರನ್ನು ಯಾರಾದರೂ ಕೇಳಿದ್ದಾರಾ? ಪತ್ರದಲ್ಲಿ ಅದು ಕಾಣಲಿಲ್ಲ. ಗಾಲಿಕುರ್ಚಿ ಇದೆ ಎಂದ ಕೂಡಲೇ ಲಿಂಕ್ ಕಳಿಸಿಬಿಡೋಣ ಎಂದು ಸಮಿತಿಗಳು ತೀರ್ಮಾನ ಮಾಡುತ್ತವೆ. ಆನ್‌ಲೈನ್ ಬಂದ ಮೇಲೆ ಈ ಅಭ್ಯಾಸ ಇನ್ನೂ ಜಾಸ್ತಿಯಾಗಿದೆ. ಇದು ನನಗೆ ಒಪ್ಪಿಗೆಯಿಲ್ಲ. ಬರಲಾಗದವರಿಗೆ ಲಿಂಕ್ ಬೇಕು, ನಿಜ. ಆದರೆ ಬರಲು ಆಸೆಯಿರುವವರನ್ನು ಮನೆಯಲ್ಲೇ ಕೂರಿಸಲು ಅದು ನೆಪವಾಗಬಾರದು. ಹಾಗಾಗಿ ಎರಡು ಕೆಲಸವನ್ನೂ ಮಾಡಬೇಕು.

ಹಾಲ್ ಬುಕ್ ಮಾಡುವ ಮೊದಲು ಒಬ್ಬರು ಹೋಗಿ ನೋಡಿ ಬರಲಿ. ಲಿಫ್ಟ್ ಇದೆಯಾ, ಅದರ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುತ್ತದಾ, ಶೌಚಾಲಯಕ್ಕೆ ಮೆಟ್ಟಿಲಿದೆಯಾ, ಇಷ್ಟು ಸಾಕು. ಅಳೆಯಲು ಒಂದು ಟೇಪ್ ತೆಗೆದುಕೊಂಡು ಹೋಗಲಿ. ವೇದಿಕೆಯ ವಿಷಯವೇ ಬೇರೆ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು. ವೇದಿಕೆ 3 ಅಡಿ ಇದ್ದರೆ 36 ಅಡಿ ಬೇಕು. ಅಷ್ಟು ಜಾಗ ಯಾವ ಹಾಲ್‌ನಲ್ಲಿದೆ? ಹಲಗೆಯೊಂದನ್ನು ಒರಗಿಸಿ ನಾಲ್ಕು ಜನ ಕುರ್ಚಿ ಎತ್ತುವುದು ಅಪಾಯ, ಕೂತವರಿಗೆ ಮುಜುಗರ ಬೇರೆ. ಅದರ ಬದಲು ಸನ್ಮಾನವನ್ನೇ ವೇದಿಕೆಯಿಂದ ಕೆಳಗಿಳಿಸಿ. ಶಾಲು, ಹಾರ, ಫಲಕ ಎಲ್ಲವೂ ಹಾಲ್‌ನ ನೆಲದ ಮೇಲೆ, ಜನರ ಎದುರಿಗೇ ಆಗಲಿ. ಗಾಲಿಕುರ್ಚಿಯಲ್ಲಿರುವವರಿಗೆ ಮಾತ್ರ ಕೆಳಗೆ ಮಾಡಬೇಡಿ, ಎಲ್ಲ ಸನ್ಮಾನಿತರಿಗೂ ಅಲ್ಲೇ ಮಾಡಿ. ಗಾಲಿಕುರ್ಚಿಯ ಜಾಗವೂ ಕೊನೆಯ ಸಾಲಿನ ಪಕ್ಕದಲ್ಲಿ ಬೇಡ. ನಡುವಿನ ಸಾಲಿನಲ್ಲಿ ಎರಡು ಕುರ್ಚಿ ತೆಗೆದರೆ ಮನೆಯವರ ಜೊತೆಗೇ ಕೂರಬಹುದು.

ಸಮಯದ ಬಗ್ಗೆಯೂ ಯೋಚಿಸಿ. ನಮ್ಮ ಕಾರ್ಯಕ್ರಮಗಳೆಲ್ಲ ಭಾನುವಾರವೇ, ಹಳಿ ರಿಪೇರಿಗೆಂದು ಲೋಕಲ್ ಗಾಡಿಗಳನ್ನು ಕಡಿಮೆ ಮಾಡುವ ಮೆಗಾ ಬ್ಲಾಕ್ ಕೂಡ ಭಾನುವಾರವೇ. ಸೆಂಟ್ರಲ್ ಲೈನಿನಲ್ಲಿ ಮಾಟುಂಗ-ಮುಲುಂಡ್ ನಡುವೆ ಎಷ್ಟೋ ಭಾನುವಾರ ಬೆಳಿಗ್ಗೆ 11ರ ಸುಮಾರಿಗೆ ಬ್ಲಾಕ್ ಶುರುವಾದರೆ ಮುಗಿಯುವುದು ಮಧ್ಯಾಹ್ನವೇ. ಡೊಂಬಿವಲಿಯಿಂದ ಬರುವವರಿಗೆ ಇದು ಗೊತ್ತೇ ಇದೆ. ಆ ದಿನ ಲೋಕಲ್‌ನ ವಿಕಲಚೇತನರ ಡಬ್ಬಿಯಲ್ಲೂ ನೂಕುನುಗ್ಗಲು. ಸಂಜೆ 5ಕ್ಕೆ ಶುರುಮಾಡಿ 8ಕ್ಕೆ ಮುಗಿಸಿದರೆ ಹಿರಿಯರೂ ಮಕ್ಕಳಿರುವವರೂ ನೆಮ್ಮದಿಯಾಗಿ ಮನೆ ಸೇರುತ್ತಾರೆ. ಸಂಜೆ 5 ಅಂದರೆ ದುಬೈಯಲ್ಲಿ 3:30. ಅಲ್ಲಿರುವ ನಿಮ್ಮವರಿಗೂ ಅನುಕೂಲ.

ಈಗ ಲೈವ್. ಸಮಿತಿಗೆ ಇದನ್ನು ಗಟ್ಟಿಯಾಗಿ ಹೇಳಿ: ದುಡ್ಡನ್ನು ಕ್ಯಾಮೆರಾಕ್ಕೆ ಹಾಕಬೇಡಿ, ಶಬ್ದಕ್ಕೆ ಹಾಕಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಐದು ನಿಮಿಷದಲ್ಲಿ ಎದ್ದುಹೋಗುತ್ತಾರೆ. ಹೋದ ವರ್ಷ ಅತ್ತೆಯವರಿಗೆ ಫ್ಯಾನಿನ ಸದ್ದು ಕೇಳಿಸಲು ಕಾರಣ ಸರಳ. ಫೋನು ತನ್ನ ಸುತ್ತಲಿನ ಸದ್ದನ್ನೇ ಹಿಡಿಯುತ್ತದೆ, ಭಾಷಣಕಾರರು ಇರುವುದು ದೂರದಲ್ಲಿ. ಮೈಕಿನವರ ಮಿಕ್ಸರ್‌ನಿಂದ, ಅಂದರೆ ಎಲ್ಲ ಮೈಕುಗಳ ದನಿ ಬಂದು ಸೇರುವ ಪೆಟ್ಟಿಗೆಯಿಂದ, ಒಂದು ವೈರ್ ನೇರವಾಗಿ ಲೈವ್ ಮಾಡುವ ಲ್ಯಾಪ್‌ಟಾಪಿಗೆ ಬರಬೇಕು. ಮೈಕಿನವರಿಗೆ ಮೊದಲೇ ಹೇಳಿದರೆ ವ್ಯವಸ್ಥೆ ಮಾಡುತ್ತಾರೆ, ಕಾರ್ಯಕ್ರಮದ ದಿನ ಹೇಳಿದರೆ ಸರಿಯಾದ ವೈರ್ ಇರುವುದಿಲ್ಲ. ಇನ್ನೊಂದು ನಿಯಮ, ಮೈಕ್ ಇಲ್ಲದೆ ಯಾರೂ ಮಾತಾಡಬಾರದು. "ನನಗೆ ಮೈಕ್ ಬೇಡ, ನನ್ನ ದನಿ ದೊಡ್ಡದು" ಎನ್ನುವ ಹಿರಿಯರು ಪ್ರತಿ ಸಂಘದಲ್ಲೂ ಇದ್ದಾರೆ. ಅವರ ದನಿ ಮನೆಗೆ ಮುಟ್ಟುವುದೇ ಇಲ್ಲ. ಸಭಿಕರು ಪ್ರಶ್ನೆ ಕೇಳಿದರೂ ಮೈಕಿನಲ್ಲೇ ಕೇಳಲಿ, ಇಲ್ಲವೇ ನಿರೂಪಕರು ಅದನ್ನು ಮತ್ತೊಮ್ಮೆ ಹೇಳಲಿ. ಇದರಿಂದ ಹಾಲ್‌ನಲ್ಲೇ ಕೂತ ಕಿವಿ ಮಂದದವರಿಗೂ ಉಪಕಾರ.

ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಭೆ ಮುಗಿದುಹೋಗುತ್ತದೆ. ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಮಾಡುವುದಾದರೆ ಅನುಮತಿ ಸಿಗಲು 24 ಗಂಟೆ ಬೇಕಾಗಬಹುದು. ಇವನ್ನು ವಾರ ಮೊದಲೇ ನೋಡಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ಒಬ್ಬ ಮನುಷ್ಯ. ಆನ್‌ಲೈನ್‌ನಲ್ಲಿರುವವರನ್ನು ನೋಡಿಕೊಳ್ಳುವುದಕ್ಕೇ ಒಬ್ಬರು ಬೇಕು, ಆ ಹೊತ್ತಿನಲ್ಲಿ ಅವರಿಗೆ ಬೇರೆ ಯಾವ ಕೆಲಸವೂ ಇರಬಾರದು. ಬಾಗಿಲಲ್ಲಿ ನಿಂತು ಬಂದವರಿಗೆ ಕುಂಕುಮ, ಪನ್ನೀರು ಕೊಡುವವರು ಇರುತ್ತಾರಲ್ಲ, ಇವರೂ ಹಾಗೆಯೇ. ಲಿಂಕಿನಲ್ಲಿ ಬಂದವರ ಹೆಸರು ಹಿಡಿದು ಸ್ವಾಗತಿಸಬೇಕು, ಶಬ್ದ ಕೇಳುತ್ತಿದೆಯಾ ಎಂದು ವಿಚಾರಿಸಬೇಕು, ಅವರ ಪ್ರಶ್ನೆಯನ್ನು ಮೈಕಿನಲ್ಲಿ ಓದಬೇಕು. ಹಾಲ್‌ನಿಂದ ಎರಡು ಪ್ರಶ್ನೆ ತೆಗೆದುಕೊಂಡರೆ ಆನ್‌ಲೈನ್‌ನಿಂದಲೂ ಒಂದು ತೆಗೆದುಕೊಳ್ಳಿ. ಸಂಘದ ಕಾಲೇಜು ಮಕ್ಕಳಲ್ಲಿ ಯಾರಾದರೂ ಇದನ್ನು ಸಂತೋಷದಿಂದ ಮಾಡುತ್ತಾರೆ.

ಅತ್ತೆಯವರಂಥವರಿಗಾಗಿ ಇನ್ನೊಂದು ಉಪಾಯವಿದೆ. ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡ ಮಾತನ್ನು ಆಗಿಂದಾಗಲೇ ಅಕ್ಷರಕ್ಕಿಳಿಸುತ್ತದೆ. ಊರ ಹೆಸರು, ಮನುಷ್ಯರ ಹೆಸರು ತಪ್ಪಾಗುತ್ತವೆ, ಆದರೂ ಮಾತಿನ ಎಳೆ ಸಿಗುತ್ತದೆ. ಸಂಕೇತ ಭಾಷೆ ಬಳಸುವ ಕುಟುಂಬ ನಿಮ್ಮಲ್ಲಿದ್ದರೆ ಬಾಂದ್ರಾದಲ್ಲಿ ಶ್ರವಣದೋಷವುಳ್ಳವರಿಗಾಗಿ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ವಿಚಾರಿಸಿ, ಅಲ್ಲಿ ಸಂಕೇತ ಭಾಷೆಯ ದುಭಾಷಿಗಳಿಗೆ ತರಬೇತಿ ಕೊಡುತ್ತಾರೆ. ಮುಂಬೈಯ ದುಭಾಷಿಗೆ ಕನ್ನಡ ಬರದೇ ಇರಬಹುದು. ಭಾಷಣದ ಸಾರಾಂಶವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮೊದಲೇ ಕೊಡಿ, ಭಾಷಣದ ಹೊತ್ತಿನಲ್ಲಿ ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲಿರಲಿ.

ಆಮಂತ್ರಣವನ್ನು ವಾಟ್ಸಾಪ್‌ನಲ್ಲಿ ಬಣ್ಣದ ಚಿತ್ರವಾಗಿ ಕಳಿಸುತ್ತೀರಲ್ಲ, ಕಣ್ಣು ಕಾಣದವರಿಗೆ ಅದು ಪ್ರಯೋಜನವಿಲ್ಲ. ಫೋನು ಓದಿ ಹೇಳಬೇಕಾದರೆ ಅದೇ ವಿವರವನ್ನು ಕೆಳಗೆ ಯೂನಿಕೋಡ್ ಅಕ್ಷರದಲ್ಲಿ ಬೆರಳಚ್ಚು ಮಾಡಿ. ಕೊನೆಗೆ ಒಂದು ಸಾಲು ಸೇರಿಸಿ: "ನಿಮಗೆ ಏನಾದರೂ ಅನುಕೂಲ ಬೇಕಿದ್ದರೆ ಹತ್ತು ದಿನ ಮೊದಲು ತಿಳಿಸಿ." ಯಾರ ನಂಬರ್ ಹಾಕುತ್ತೀರೋ ಅವರು ಫೋನ್ ಎತ್ತುವವರಾಗಿರಲಿ.

ಇನ್ನು ಹಿರಿಯರ ಭಯ. ಹಾಲ್‌ಗೆ ಬರುವವರು ಭಾಷಣಕ್ಕೆ ಮಾತ್ರ ಬರುತ್ತಾರಾ? ಊರಿನವರು ಸಿಗುತ್ತಾರೆ, ಮಕ್ಕಳ ನೃತ್ಯ ಹತ್ತಿರದಿಂದ ನೋಡಬಹುದು, ಒಟ್ಟಿಗೆ ಕೂತು ಊಟ ಮಾಡಬಹುದು ಅಂತ ಬರುತ್ತಾರೆ. ಲೈವ್ ಇದ್ದರೂ ಅವರು ಬರುತ್ತಾರೆ. ಲಿಂಕ್ ಬೇಕಾದವರು ರಾತ್ರಿ ಪಾಳಿಯವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ವಿರಾರ್‌ನಿಂದ ಎರಡು ಗಾಡಿ ಬದಲಿಸಲಾಗದವರು. ಲೈವ್ ಇಲ್ಲದಿದ್ದರೆ ಅವರು ಹಾಲ್‌ಗೂ ಬರುತ್ತಿರಲಿಲ್ಲ, ಸಂಘಕ್ಕೂ ದೂರವಾಗುತ್ತಿದ್ದರು. ಸಮಿತಿಯಲ್ಲಿ ಇದನ್ನೇ ಹೇಳಿ. ಸಾಧ್ಯವಾದರೆ ಆ ಸಭೆಗೆ ಅತ್ತೆಯವರನ್ನೂ ಕರೆಯಿರಿ, ಅವರೇ ಮಾತಾಡಲಿ.

ದಿನಾಂಕ ಗೊತ್ತಾದ ಕೂಡಲೇ ನಮಗೂ ತಿಳಿಸಿ. ಹಾಲ್‌ನ ವಿಳಾಸ, ಲಿಫ್ಟ್ ಎಲ್ಲಿದೆ, ಲಿಂಕ್ ಯಾವುದು, ಮೂರನ್ನೂ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.