ಕುಸುಬೆಯಲ್ಲಿ ಎಣ್ಣೆ ಇಷ್ಟು ಕಡಿಮೆ ಯಾಕೆ?

ಬಹುಶಃ ಸಿಪ್ಪೆಯೇ ಕಾರಣ. ಸೂರ್ಯಕಾಂತಿಯಲ್ಲಿ ಶೇ. 40, ಕುಸುಬೆಯಲ್ಲಿ ಶೇ. 28 ಎಣ್ಣೆ ಬಂದಿದೆ, ಎರಡೂ ಒಂದೇ ಕುಟುಂಬದ ಬೆಳೆ ಅಲ್ವಾ ಎಂದು ಕೇಳಿದ್ದೀರಿ. ನೀವು ಇಡೀ ಬೀಜವನ್ನೇ ಪುಡಿ ಮಾಡಿರಬೇಕು. ಕುಸುಬೆಯ ಸಿಪ್ಪೆ ದಪ್ಪ, ಗಟ್ಟಿ. ಎಷ್ಟೋ ತಳಿಗಳಲ್ಲಿ ಬೀಜದ ತೂಕದ ಶೇ. 40ರಷ್ಟು ಅದೇ ಇರುತ್ತದೆ. ಅದರಲ್ಲಿ ನಾರು ಜಾಸ್ತಿ, ಎಣ್ಣೆ ತೀರಾ ಕಡಿಮೆ. ನಾನು ತಿರುಳನ್ನು ಬೇರೆ ಮಾಡಿ ನೋಡಿದಾಗ ಅಂತರ ತುಂಬಾ ಇಳಿಯಿತು.

ಮೊದಲು ಎರಡೂ ಬೀಜಗಳನ್ನು 10 ಗ್ರಾಂ ತೂಗಿ, ಸಿಪ್ಪೆ ಬಿಡಿಸಿ, ಸಿಪ್ಪೆ ಮತ್ತು ತಿರುಳನ್ನು ಬೇರೆ ಬೇರೆ ತೂಗಿ. ಕುಸುಬೆಯನ್ನು ಒರಳಲ್ಲಿ ಮೆಲ್ಲಗೆ ಒಡೆದು ಆರಿಸಿ. ಜೋರಾಗಿ ಕುಟ್ಟಿದರೆ ಎಣ್ಣೆ ಸಿಪ್ಪೆಗೆ ಹತ್ತಿಕೊಂಡು ಲೆಕ್ಕ ತಪ್ಪುತ್ತದೆ. ಆಮೇಲೆ ಸ್ವಲ್ಪ ತಿರುಳನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೇವಾಂಶ ತಿಳಿದುಕೊಳ್ಳಿ. ಉಳಿದ ತಿರುಳನ್ನು ಪುಡಿ ಮಾಡಿ ಸಾಕ್ಸ್‌ಲೆಟ್‌ನಲ್ಲಿ (ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ಎಣ್ಣೆ ತೆಗೆಯುವ ಗಾಜಿನ ಉಪಕರಣ) ಹೆಕ್ಸೇನ್ ಎಂಬ ದ್ರಾವಕ ಹಾಕಿ ಎಣ್ಣೆ ತೆಗೆಯಿರಿ. ಫಲಿತಾಂಶವನ್ನು ತೇವಾಂಶ ಕಳೆದ ಒಣ ತೂಕದ ಮೇಲೆ ಬರೆಯಿರಿ.

ಎಣ್ಣೆಯ ಘಟಕಗಳಾದ ಕೊಬ್ಬಿನಾಮ್ಲಗಳನ್ನೂ ಹೋಲಿಸುವುದಾದರೆ ಒಂದೇ ಹಂಗಾಮಿನ ಬೀಜ ತೆಗೆದುಕೊಳ್ಳಿ. ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಶೇ. 75ರ ಆಸುಪಾಸು ಇರುತ್ತದೆ. ಸೂರ್ಯಕಾಂತಿಯಲ್ಲಿ ಕಾಳು ಕಟ್ಟುವಾಗ ಬಿಸಿಲು ಹೆಚ್ಚಾದರೆ ಅದು ಇಳಿದು ಓಲಿಯಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಏರುತ್ತದೆ.